ಮೂಗಿಗೆ ಪೈಪು ಹಾಕಿ ಮನೆಗೆ ಕಳಿಸಿದಿರಿ, ಊಟದ ಲೆಕ್ಕ ಯಾರು ಹೇಳಬೇಕು?

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಮನೆಯಲ್ಲಿದ್ದುಕೊಂಡು ಪೈಪಿನ ಮೂಲಕ ಊಟ ಪಡೆಯುವ ರೋಗಿಗಳ ಆಹಾರದ ಬಗ್ಗೆ.

ಮಾನ್ಯ ಸಚಿವರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವಳು. ನಮ್ಮ ತಂದೆಗೆ ಲಕ್ವ ಹೊಡೆದು ಎಡಭಾಗದ ಜೊತೆ ನುಂಗುವ ಶಕ್ತಿಯೂ ಹೋಗಿದೆ. ಊಟ, ನೀರು, ಮಾತ್ರೆ ಎಲ್ಲಾ ಮೂಗಿನ ಪೈಪಿನಲ್ಲೇ ಹೋಗಬೇಕು. ಅವರ ಜೀವ ಉಳಿಸಿದ ಡಾಕ್ಟರುಗಳ ಮೇಲೆ ನನಗೆ ಕೋಪ ಇಲ್ಲ. ಬಿಪಿಎಲ್ ಕಾರ್ಡ್ ಇದ್ದಿದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಸ್ಪತ್ರೆ ಖರ್ಚಿನ ಬಹುಪಾಲು ಇಳಿಯಿತು, ಅದಕ್ಕೆ ಋಣಿ. ನನ್ನ ದೂರು ಆಸ್ಪತ್ರೆಯ ಗೇಟು ದಾಟಿದ ಮೇಲಿನದು.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳಿಗೆ ಒಂದು ಪುಟ ಇತ್ತು. ಯಾವುದು ಬೆಳಗ್ಗೆ, ಯಾವುದು ರಾತ್ರಿ, ಎಷ್ಟು ಮಿಲಿಗ್ರಾಂ, ಎಲ್ಲಾ ಸರಿಯಾಗಿ ಬರೆದಿದ್ದರು. ಊಟಕ್ಕೆ ಸಿಕ್ಕಿದ್ದು ಒಂದು ಸಾಲು, ಅದೂ ಇಂಗ್ಲಿಷಿನಲ್ಲಿ: ದ್ರವ ಆಹಾರ, 200 ಎಂಎಲ್, ಎರಡು ಗಂಟೆಗೊಮ್ಮೆ. ಯಾವ ದ್ರವ? ಗಂಜಿನಾ, ಹಾಲಾ, ಬೇಳೆ ಕಟ್ಟಾ, ಎಳನೀರಾ? ಹೊರಡುವ ಗಡಿಬಿಡಿಯಲ್ಲಿ ಸಿಸ್ಟರ್ ಒಬ್ಬರು ಸಿರಿಂಜು ಹಿಡಿದು ಒಂದು ಸಲ ತೋರಿಸಿ, "ಇಷ್ಟೇ ಅಮ್ಮಾ, ಸುಲಭ" ಅಂದರು. ಪಾಪ, ಅಷ್ಟು ದೊಡ್ಡ ವಾರ್ಡಿಗೆ ಅವರೊಬ್ಬರೇ ಓಡಾಡುತ್ತಿದ್ದರು.

ಸುಲಭ ಅಲ್ಲ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ಸಿರಿಂಜಿನ ದಂಡ ತೆಗೆದು, ಬರೀ ಕೊಳವೆಯನ್ನು ಪೈಪಿನ ಬಾಯಿಗೆ ಸಿಕ್ಕಿಸಿ ಎತ್ತಿ ಹಿಡಿಯಬೇಕು. ಗಂಜಿ ತಾನಾಗೇ ಇಳಿಯಬೇಕು. ಸ್ವಲ್ಪ ಗಟ್ಟಿಯಾದರೆ ಇಳಿಯಲ್ಲ. ದಂಡ ಹಾಕಿ ಒತ್ತಿದರೆ ಅಪ್ಪ ಮುಖ ಹಿಂಡುತ್ತಾರೆ. ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿದರೂ ಒಂದು ಸಾಸಿವೆ ಸಿಪ್ಪೆ ಸಾಕು, ಪೈಪು ಕಟ್ಟಿಕೊಳ್ಳುತ್ತೆ. ಮಾತ್ರೆ ಸರಿಯಾಗಿ ಪುಡಿಯಾಗದಿದ್ದರೂ ಅಷ್ಟೇ. ಮಿಕ್ಸಿ ಹಾಕೋಣ ಅಂದರೆ ಕರೆಂಟ್ ಇರಬೇಕು. ಹಾಗಾಗಿ ಎಲ್ಲರೂ ಮಾಡುವುದು ಒಂದೇ ಕೆಲಸ: ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡುವುದು. ಸಲೀಸಾಗಿ ಇಳಿಯುತ್ತೆ, ಹೊಟ್ಟೆ ತುಂಬಿದ ಹಾಗೂ ಕಾಣುತ್ತೆ.

ಆ ತೆಳ್ಳನೆ ಗಂಜಿಯ ಲೆಕ್ಕವನ್ನು ನಮಗೆ ಬಿಡಿಸಿ ಹೇಳಿದವಳು ಪೌಷ್ಟಿಕ ಆಹಾರದ ವಿಷಯ ಓದುತ್ತಿರುವ ನಮ್ಮ ಅಕ್ಕನ ಮಗಳು. ಪೈಪಿನಲ್ಲಿ ಇಳಿಯುವ ಹದಕ್ಕೆ ಒಂದು ಲೋಟ ಗಂಜಿಗೆ ಹಿಡಿಸುವುದು ಸುಮಾರು 25 ಗ್ರಾಂ ರಾಗಿಹಿಟ್ಟು. ಅದರಲ್ಲಿ 80 ಕ್ಯಾಲೊರಿ. ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಅಂತ ಆರು ಸಲ ಕೊಟ್ಟರೂ 480. ಐವತ್ತು ಕೆಜಿ ತೂಕದ ಮನುಷ್ಯನಿಗೆ ಬೇಕಾಗಿದ್ದು ಕೆಜಿಗೆ 25ರಿಂದ 30 ಕ್ಯಾಲೊರಿ, ಅಂದರೆ 1250ರಿಂದ 1500. ಪ್ರೋಟೀನು 50 ಗ್ರಾಂ ಆದರೂ ಬೇಕು, ಈ ಗಂಜಿಯಲ್ಲಿ ಹೋಗುವುದು 11 ಗ್ರಾಂ. ಹಗಲೆಲ್ಲಾ ಎರಡು ಗಂಟೆಗೊಮ್ಮೆ ಎದ್ದು, ಸೋಸಿ, ಎತ್ತಿ ಹಿಡಿದು, ಆಸ್ಪತ್ರೆಯವರು ಹೇಳಿದಂತೆ ತಪ್ಪದೆ 200 ಎಂಎಲ್ ಕೊಟ್ಟರೂ ಮನುಷ್ಯ ಅರೆಹೊಟ್ಟೆಯಲ್ಲೇ ಇರುತ್ತಾನೆ. ಮಲಗಿದಲ್ಲೇ ಮಲಗಿ ಆಗುವ ಬೆನ್ನಿನ ಹುಣ್ಣು ಯಾಕೆ ಮಾಯುತ್ತಿಲ್ಲ ಅಂತ ಮುಲಾಮು ಬದಲಾಯಿಸುತ್ತಾ ಕೂರುವ ಮನೆಗಳು ಎಷ್ಟಿವೆಯೋ! ಹುಣ್ಣು ಮಾಯಬೇಕಾದರೆ ಪ್ರೋಟೀನು ಬೇಕು, ಅಲ್ವಾ?

ಈ ಸಂಕಟ ನಮ್ಮೊಬ್ಬರ ಮನೆಯದಲ್ಲ. ಪಕ್ಕದ ಬೀದಿಯಲ್ಲಿ ಬಾಯಿ ಕ್ಯಾನ್ಸರ್ ಆದ ಅಜ್ಜಿಯೊಬ್ಬರಿದ್ದರು. ಎಲೆ ಅಡಿಕೆ, ಹೊಗೆಸೊಪ್ಪು ಹಾಕಿ ಬಂದ ಕಾಯಿಲೆ. ರೇಡಿಯೇಷನ್ ಆದ ಮೇಲೆ ಪೈಪು ಹಾಕಿ ಕಳಿಸಿದ್ದರು. ಮಗ ಕೂಲಿಗೆ ಹೋಗುತ್ತಿದ್ದ, ಸೊಸೆ ಬೆಳಗ್ಗೆ ಒಂದು ಪಾತ್ರೆ ಗಂಜಿ ಮಾಡಿ ಸಾಯಂಕಾಲದವರೆಗೂ ಅದನ್ನೇ ಕೊಡುತ್ತಿದ್ದಳು. ರುಬ್ಬಿದ ಊಟವನ್ನು ಎರಡು ಗಂಟೆಗಿಂತ ಹೊರಗಿಡಬಾರದು ಅಂತ ಅವಳಿಗೆ ಹೇಳಿದವರು ಯಾರು? ಭೇದಿ ಶುರುವಾಯಿತು. ಭೇದಿ ಅಂತ ಊಟ ಇನ್ನೂ ಕಮ್ಮಿ ಮಾಡಿದರು. ಅಜ್ಜಿ ತೀರಿಕೊಂಡಾಗ ಎಲ್ಲರೂ ಕ್ಯಾನ್ಸರ್ ಅಂದರು. ಇರಬಹುದು. ಆದರೆ ದಿನಕ್ಕೆ ಎಷ್ಟು ಊಟ ಒಳಗೆ ಹೋಗುತ್ತಿತ್ತು ಅಂತ ಕಾಯಿಲೆ ಶುರುವಾದಾಗಿನಿಂದ ಕೊನೆಯವರೆಗೂ ಒಬ್ಬರೂ ಕೇಳಲಿಲ್ಲ.

ಗಂಜಿ ಬಿಟ್ಟರೆ ನಮಗೆ ಉಳಿದ ದಾರಿ ಡಬ್ಬದ ಪುಡಿ. ಇತ್ತೀಚಿನ ವರ್ಷಗಳಲ್ಲಿ ಹಳ್ಳಿ ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲೂ ಈ ಡಬ್ಬಗಳು ಸಾಲಾಗಿ ಕೂತಿವೆ. ಸಕ್ಕರೆ ಕಾಯಿಲೆಗೆ ಒಂದು, ಕಿಡ್ನಿಗೆ ಒಂದು, ಸುಮ್ನೆ ಶಕ್ತಿಗೆ ಒಂದು. ಪೂರ್ತಿ ಊಟಕ್ಕೆ ಸಮನಾದ ಪುಡಿ ಯಾವುದು, ಬರೀ ಪ್ರೋಟೀನಿನ ಪುಡಿ ಯಾವುದು ಅಂತ ಅಂಗಡಿಯ ಹುಡುಗನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವನು ಕೈಗೆ ಸಿಕ್ಕಿದ್ದು ಕೊಡುತ್ತಾನೆ, ನಾವು ತರುತ್ತೇವೆ. ಇನ್ನು ಬೆಲೆ. ಪೂರ್ತಿ ಊಟದ ಪುಡಿಯೇ ಆದರೂ 400 ಗ್ರಾಂ ಡಬ್ಬದಲ್ಲಿ ಇರುವುದು ಹೆಚ್ಚೂ ಕಮ್ಮಿ 1700–1800 ಕ್ಯಾಲೊರಿ. ಅಂದರೆ ಅದೊಂದರಲ್ಲೇ ಬದುಕಬೇಕಾದ ರೋಗಿಗೆ ದಿನಕ್ಕೆ ಒಂದು ಡಬ್ಬ ಹತ್ತಿರ ಹತ್ತಿರ ಖಾಲಿ. ನಮ್ಮ ಕಡೆ ಅಂಥ ಡಬ್ಬಕ್ಕೆ 600 ರೂಪಾಯಿ ಮೇಲೇ ಇದೆ. ತಿಂಗಳಿಗೆ ಲೆಕ್ಕ ಹಾಕಿ ನೋಡಿ. ಕೂಲಿ ಮಾಡುವ ಮನೆ ಎಲ್ಲಿಂದ ತರಬೇಕು? ಹಾಗಾಗಿ ಒಂದು ಡಬ್ಬ ತಂದು, ಲೋಟಕ್ಕೆ ಎರಡು ಚಮಚ ಹಾಕಿ, ಹದಿನೈದು ದಿನ ಓಡಿಸುತ್ತಾರೆ. ಡಬ್ಬ ಕೊಂಡ ಸಮಾಧಾನ ಇರುತ್ತೆ, ರೋಗಿ ಸೊರಗುವುದು ನಿಲ್ಲಲ್ಲ.

ಈ ಪುಡಿಗಳು ಕಾನೂನಿನ ಲೆಕ್ಕದಲ್ಲಿ ಔಷಧಿ ಅಲ್ಲ, ಆಹಾರ. ಎಫ್‌ಎಸ್‌ಎಸ್‌ಎಐ ಅನ್ನುವ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯ ನಿಯಮಗಳ ಅಡಿ ಬರುತ್ತವೆ. ವೈದ್ಯರ ಸಲಹೆ ಮೇರೆಗೆ ಬಳಸಿ ಅಂತ ಡಬ್ಬದ ಮೇಲೆ ಬರೆದಿರುತ್ತೆ, ಆದರೆ ಔಷಧಿಗಳಿಗಿರುವ ಬೆಲೆ ನಿಯಂತ್ರಣ ಇವಕ್ಕಿಲ್ಲ. ವಿಮೆಯಲ್ಲೂ ಅದೇ ಕಥೆ. ಆಯುಷ್ಮಾನ್ ಯೋಜನೆ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿಯವರೆಗೆ ನೋಡಿಕೊಳ್ಳುತ್ತೆ. ಲಕ್ವ ಹೊಡೆದು ನುಂಗಲಾರದ ಮನುಷ್ಯನಿಗೆ 15 ದಿನ ಎಂದರೆ ಏನೂ ಅಲ್ಲ.

ಒಂದು ತಮಾಷೆ ನೋಡಿ. ಅಮೆರಿಕ, ಇಂಗ್ಲೆಂಡಿನಲ್ಲಿ ದಶಕಗಳ ಕಾಲ ಪೈಪಿನ ರೋಗಿ ಅಂದರೆ ಕಂಪನಿ ಬಾಟಲಿಯ ಆಹಾರವೇ ಆಗಿತ್ತು. ಈಗ ಅಲ್ಲಿನ ಎಷ್ಟೋ ಕುಟುಂಬಗಳು ಮನೆಯಲ್ಲಿ ಎಲ್ಲರೂ ಉಣ್ಣುವ ಊಟವನ್ನೇ ರುಬ್ಬಿ ಕೊಡುವ ಕಡೆ ಬರುತ್ತಿವೆ, ಅಲ್ಲಿನ ಡಯಟಿಷಿಯನ್ನರೂ ಅದನ್ನು ಒಪ್ಪಿ ದಾರಿ ಹೇಳಿಕೊಡುತ್ತಿದ್ದಾರೆ. ನಾವು ಮೊದಲಿನಿಂದಲೂ ರುಬ್ಬಿ ಕೊಡುತ್ತಿದ್ದವರು ಈಗ ಡಬ್ಬದ ಕಡೆ ಓಡುತ್ತಿದ್ದೇವೆ. ಮನೆ ಊಟದಲ್ಲಿ ದೋಷ ಇಲ್ಲ, ಲೆಕ್ಕ ಹೇಳಿಕೊಡುವವರಿಲ್ಲ, ಅಷ್ಟೇ. ಅಕ್ಕನ ಮಗಳು ಹೇಳಿಕೊಟ್ಟ ಮೇಲೆ ನಮ್ಮ ಮನೆಯಲ್ಲಿ ನಂದಿನಿ ಹಾಲು, ಹುರಿಗಡಲೆ ಹಿಟ್ಟು, ಬೇಯಿಸಿದ ಮೊಟ್ಟೆ, ಬೆಂದ ಬೇಳೆ, ಎರಡು ದೊಡ್ಡ ಚಮಚ ಅಡುಗೆ ಎಣ್ಣೆ, ಇವುಗಳಲ್ಲೇ ದಿನದ ಲೆಕ್ಕ ತುಂಬುತ್ತಿದ್ದೇವೆ. ಎಣ್ಣೆ ಎರಡು ಚಮಚಕ್ಕೆ 250 ಕ್ಯಾಲೊರಿಯಷ್ಟು ಸಿಗುತ್ತೆ, ಪೈಪಿಗೂ ತೊಂದರೆ ಇಲ್ಲ.

ರಾಗಿ ಗಟ್ಟಿಯಾಗುವುದಕ್ಕೂ ಉಪಾಯ ಇದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ರಾಗಿಹಿಟ್ಟಿನಲ್ಲಿ ಅಮೈಲೇಸ್ ಅನ್ನುವ, ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತೆ. ಸಾಕಷ್ಟು ಆರಿದರೂ ಇನ್ನೂ ಬೆಚ್ಚಗಿರುವ ಗಟ್ಟಿ ಗಂಜಿಗೆ ಈ ಹಿಟ್ಟು ಒಂದು ಚಮಚ ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ಅದು ತಾನಾಗೇ ತೆಳ್ಳಗಾಗುತ್ತೆ. ಮತ್ತೆ ಒಂದು ಕುದಿ ಬರಿಸಿ ಕೊಡಬಹುದು. ನೀರು ಸುರಿಯದೆ ತೆಳ್ಳಗಾಗಿದ್ದರಿಂದ ಅದೇ ಲೋಟದಲ್ಲಿ ಹಿಟ್ಟು ಜಾಸ್ತಿ ಹೋಗುತ್ತೆ. ಮಗುವಿಗೆ ರಾಗಿ ಮಣ್ಣಿ ಮಾಡುವಾಗ ನಮ್ಮ ಅಜ್ಜಿಯರು ರಾಗಿ ಮೊಳಕೆ ಕಟ್ಟುತ್ತಿದ್ದರಲ್ಲ, ಅದೇ. ಇದು ಆಸ್ಪತ್ರೆಯ ಗೋಡೆ ಮೇಲೆ ಯಾಕೆ ಇಲ್ಲ?

ಪೈಪಿನ ವಿಷಯಕ್ಕೂ ಬರುತ್ತೇನೆ. ಅದು ಆಗಾಗ ಕಟ್ಟಿಕೊಳ್ಳುತ್ತೆ, ಇಲ್ಲವೇ ಅಪ್ಪ ನಿದ್ದೆಯಲ್ಲಿ ಕಿತ್ತುಕೊಳ್ಳುತ್ತಾರೆ. ಹಾಕಿಸಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದರೆ, ಇಲ್ಲಿ ಹಾಕಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಒಂದು ಕಡೆ ಕೈಕಾಲು ಆಡದ ಮನುಷ್ಯನನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಹೋಗಬೇಕು. ಪೈಪಿನ ಬೆಲೆ ಕಾರಿನ ಡೀಸೆಲ್ಲಿಗೂ ಸಾಲದಷ್ಟು ಕಮ್ಮಿ. ಹೋಗಿ ಬರುವವರೆಗೂ ಊಟ ಇಲ್ಲ, ಬಿಪಿ ಮಾತ್ರೆ ಇಲ್ಲ, ನೀರೂ ಇಲ್ಲ. ಕೆಲವು ಮನೆಗಳಲ್ಲಿ ಕಾರಿಗೆ ದುಡ್ಡಿಲ್ಲದೆ ಬಾಯಿಗೇ ಗಂಜಿ ಬಿಡುತ್ತಾರೆ. ನುಂಗಲು ಬಾರದವರಿಗೆ ಬಾಯಿಗೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ, ಮತ್ತೆ ಐಸಿಯು. ಒಂದು ಪೈಪು ಹಾಕುವ ಖರ್ಚನ್ನು ಉಳಿಸಿ ಸರ್ಕಾರ ಐಸಿಯು ಬಿಲ್ಲು ಕಟ್ಟುತ್ತಿದೆ ಅಂತ ನನಗನ್ನಿಸುತ್ತೆ.

ನಾಲ್ಕರಿಂದ ಆರು ವಾರಕ್ಕಿಂತ ಜಾಸ್ತಿ ಪೈಪು ಬೇಕಾಗುವುದಾದರೆ ಮೂಗಿನ ಬದಲು ನೇರ ಹೊಟ್ಟೆಗೆ ಹಾಕುವ ಪೆಗ್ ಪೈಪಿನ ಬಗ್ಗೆ ಯೋಚಿಸಿ ಅಂತ ಯುರೋಪಿನ ಮಾರ್ಗಸೂಚಿಗಳು ಹೇಳುತ್ತವೆ. ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿ ಮೂಲಕ ಇದನ್ನು ಮೊದಲು ಮಾಡಿದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಒಂದು ಹಸುಗೂಸಿಗೆ. ಹೊಸದೇನಲ್ಲ. ನಮಗೆ ಅಂಥದ್ದೊಂದು ಇದೆ ಅಂತಲೇ ಯಾರೂ ಹೇಳಲಿಲ್ಲ. ಹೇಳಿದರೂ ನಮ್ಮ ಕಡೆ ಜನ "ಹೊಟ್ಟೆಗೆ ತೂತಾ?" ಅಂತ ಗಾಬರಿ ಬೀಳುತ್ತಾರೆ ನಿಜ. ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದರೆ ಆ ಗಾಬರಿ ಇಳಿಯುತ್ತೆ. ಎಲ್ಲರಿಗೂ ಅದು ಸರಿ ಅಂತ ನಾನು ಹೇಳುತ್ತಿಲ್ಲ. ಕೇಳಿ ತೀರ್ಮಾನ ಮಾಡುವ ಹಕ್ಕು ಮನೆಯವರಿಗೂ ಇರಲಿ.

ಇದಕ್ಕೆಲ್ಲ ಸರ್ಕಾರ ಏನು ಮಾಡೋಕಾಗುತ್ತೆ ಅಂತ ಕೆಲವರು ಕೇಳುತ್ತಾರೆ. ಕ್ಷಯರೋಗದಲ್ಲಿ ಸರ್ಕಾರವೇ ಮಾಡಿ ತೋರಿಸಿದೆ. 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಗೆ ಊಟಕ್ಕೆ ಅಂತಲೇ ತಿಂಗಳಿಗೆ 500 ರೂಪಾಯಿ ಕೊಟ್ಟರು, 2024ರ ನವೆಂಬರ್‌ನಿಂದ ಅದನ್ನು 1000 ಮಾಡಿದರು. ಊಟಕ್ಕೂ ಕಾಯಿಲೆಗೂ ಏನು ಸಂಬಂಧ ಅಂತ ತೋರಿಸಿದವರಲ್ಲಿ ನಮ್ಮ ಮಂಗಳೂರಿನವರೂ ಇದ್ದಾರೆ. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ತಂಡದವರು ಜಾರ್ಖಂಡಿನಲ್ಲಿ ಟಿಬಿ ರೋಗಿಗಳ ಮನೆಗಳಿಗೆ ತಿಂಗಳು ತಿಂಗಳು ಆಹಾರದ ಚೀಲ ಕೊಟ್ಟು ನೋಡಿದರು. 2023ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ, ಹೆಚ್ಚಿನ ಆಹಾರ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯವೂ ಕಮ್ಮಿ ಇತ್ತು. ಊಟ ಚಿಕಿತ್ಸೆಯ ಭಾಗ ಅಂತ ಟಿಬಿಗೆ ಒಪ್ಪಿದ ಸರ್ಕಾರ ಲಕ್ವಕ್ಕೆ, ಕ್ಯಾನ್ಸರಿಗೆ ಯಾಕೆ ಒಪ್ಪಬಾರದು?

ಕೇರಳ ನೋಡಿ. ಅವರು 2008ರಲ್ಲೇ ಉಪಶಮನ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನರಳಾಟ ಕಮ್ಮಿ ಮಾಡುವ ಆರೈಕೆಗೆ, ಒಂದು ನೀತಿ ಮಾಡಿದರು. ಅಲ್ಲಿ ಪಂಚಾಯಿತಿ ಮಟ್ಟದಲ್ಲಿ ನರ್ಸುಗಳು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ, ಪೈಪು ಬದಲಾಯಿಸುತ್ತಾರೆ, ಹುಣ್ಣು ನೋಡುತ್ತಾರೆ. ನಮ್ಮಲ್ಲೂ ಆಶಾ ಅಕ್ಕ ಇದ್ದಾರೆ, ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಇದ್ದಾರೆ. ಅವರಿಗೆ ಈ ಕೆಲಸ ಕಲಿಸಿಲ್ಲ, ಕೈಗೆ ಪೈಪೂ ಕೊಟ್ಟಿಲ್ಲ. ನಮ್ಮ ಆಶಾ ಅಕ್ಕ ಪಾಪ ಬಂದು ಅಪ್ಪನ ಬಿಪಿ ನೋಡಿ ಹೋಗುತ್ತಾರೆ. ಊಟದ ಬಗ್ಗೆ ಕೇಳಿದರೆ "ಚೆನ್ನಾಗಿ ಕೊಡಿ" ಅನ್ನುತ್ತಾರೆ.

ಮೊದಲ ಕೋರಿಕೆ ಡಿಸ್ಚಾರ್ಜ್ ಬಗ್ಗೆ. ಪೈಪು ಹಾಕಿ ಕಳಿಸುವ ಪ್ರತಿ ಆಸ್ಪತ್ರೆ, ಸರ್ಕಾರಿ ಆಗಲಿ ಖಾಸಗಿ ಆಗಲಿ, ಊಟ ಕೊಡುವವರ ಕೈಯಲ್ಲಿ ಎರಡು ಮೂರು ಹೊತ್ತು ತಾನೇ ಕೊಡಿಸಿ ನೋಡಿದ ಮೇಲೆಯೇ ಬಿಡಲಿ. ತಲೆ ಎಷ್ಟು ಎತ್ತರಿಸಬೇಕು, ಊಟ ಆದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು, ಪೈಪಿನ ಮೇಲೆ ಮೂಗಿನ ಹತ್ತಿರ ಹಾಕಿದ ಗುರುತು ಜರುಗಿದ್ದರೆ ಅಥವಾ ಕೆಮ್ಮು ಬಂದರೆ ಕೊಡಬಾರದು, ಮುಂಚೆ ಆಮೇಲೆ ಎಷ್ಟು ನೀರು ಬಿಡಬೇಕು, ಇವೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರಲಿ. ಜೊತೆಗೆ ಆ ರೋಗಿಯ ತೂಕಕ್ಕೆ ದಿನಕ್ಕೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನು ಅಂತ ಬರೆದು, ರಾಗಿ, ಹಾಲು, ಬೇಳೆ, ಮೊಟ್ಟೆ ಲೆಕ್ಕದಲ್ಲಿ ಪಟ್ಟಿ ಕೊಡಲಿ. ಉತ್ತರ ಕರ್ನಾಟಕದವರಿಗೆ ಜೋಳದ್ದು, ಕರಾವಳಿಯವರಿಗೆ ಕುಚ್ಚಲಕ್ಕಿಯದ್ದು ಇರಲಿ. ಈ ಹಾಳೆ ಇಲ್ಲದೆ ಆಯುಷ್ಮಾನ್ ಬಿಲ್ಲು ಪಾಸಾಗದ ಹಾಗೆ ಮಾಡಿ ನೋಡಿ, ಒಂದೇ ತಿಂಗಳಲ್ಲಿ ಎಲ್ಲಾ ಕಡೆ ಬಂದುಬಿಡುತ್ತೆ.

ಎರಡನೆಯದು, ಪೈಪು ಮತ್ತು ದೊಡ್ಡ ಸಿರಿಂಜು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಲಿ, ಅದನ್ನು ಹಾಕುವ ತರಬೇತಿ ಪಡೆದ ಒಬ್ಬರಾದರೂ ಇರಲಿ. ಮನೆಯಲ್ಲಿ ಮಲಗಿದ ರೋಗಿಯ ತೂಕ ನೋಡಲು ಆಗಲ್ಲ ನಿಜ, ಆದರೆ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಬಹುದು. ಬಿಪಿ ನೋಡುವ ಆಶಾ ಅಕ್ಕನೇ ತಿಂಗಳಿಗೊಮ್ಮೆ ಅದನ್ನೂ ಬರೆದುಕೊಂಡರೆ, ರೋಗಿ ಸೊರಗುತ್ತಿರುವುದು ಹುಣ್ಣಾಗುವ ಮುಂಚೆಯೇ ಗೊತ್ತಾಗುತ್ತೆ. ಅವರಿಗೆ ಇದಕ್ಕೆ ಪ್ರತ್ಯೇಕ ಪ್ರೋತ್ಸಾಹಧನ ಕೊಡಬೇಕು. ಸುಮ್ನೆ ಇನ್ನೊಂದು ಕೆಲಸ ಹೇರಬೇಡಿ.

ಪುಡಿಯ ವಿಷಯಕ್ಕೆ ನಮ್ಮ ರಾಜ್ಯದಲ್ಲೇ ಉತ್ತರ ಇದೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಎಮ್ಮೆ ಹಾಲಿನಿಂದ ಮಕ್ಕಳ ಆಹಾರದ ಪುಡಿ ಮಾಡಿ ದೇಶಕ್ಕೇ ಕೊಟ್ಟ ಸಂಸ್ಥೆ. ಮೊಳಕೆ ರಾಗಿ, ಕಡಲೆ, ಹಾಲಿನ ಪುಡಿ ಸೇರಿಸಿ ಪೈಪಿನಲ್ಲಿ ಸಲೀಸಾಗಿ ಇಳಿಯುವ ಒಂದು ಮಿಶ್ರಣ ಮಾಡಿಕೊಡಿ ಅಂತ ಅವರನ್ನು ಕೇಳಬಹುದು. ತಯಾರಿಸುವುದಕ್ಕೂ ಜನ ಇದ್ದಾರೆ. ಅಂಗನವಾಡಿಗಳಿಗೆ ಪೂರಕ ಆಹಾರ ಮಾಡುವ, ಎಂಎಸ್‌ಪಿಟಿಸಿ ಅಂತ ಕರೆಯುವ ಮಹಿಳೆಯರ ತಯಾರಿಕಾ ಕೇಂದ್ರಗಳು ತಾಲ್ಲೂಕುಗಳಲ್ಲಿ ಇವೆ. ಬಿಪಿಎಲ್ ಮನೆಯ ಪೈಪಿನ ರೋಗಿಗೆ ಅದು ಉಚಿತವಾಗಿ ಸಿಗಲಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ಬೇರೆ ಬೇಕಾಗುತ್ತೆ, ಅಂಥವರಿಗೆ ಡಾಕ್ಟರು ಬರೆದ ಡಬ್ಬವನ್ನು ಜನೌಷಧಿಯ ಥರ ಕಮ್ಮಿ ಬೆಲೆಗೆ ಕೊಡಿಸುವ ದಾರಿ ಹುಡುಕಿ.

ಇಷ್ಟಕ್ಕೂ ಮೊದಲು ನಮ್ಮಂಥ ಮನೆ ಎಷ್ಟಿವೆ ಅಂತ ಎಣಿಸಬೇಕು. ತಮ್ಮದೇ ಇಲಾಖೆಯ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಸಿಬ್ಬಂದಿ ಮನೆ ಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಅವರು ತುಂಬುವ ಫಾರ್ಮಿನಲ್ಲಿ ಒಂದು ಪ್ರಶ್ನೆ ಸೇರಿಸಿ: "ಈ ಮನೆಯಲ್ಲಿ ಪೈಪಿನ ಮೂಲಕ ಊಟ ಪಡೆಯುವವರು ಇದ್ದಾರಾ?" ಇದಕ್ಕೆ ಹೊಸ ಯೋಜನೆ ಬೇಡ, ಬಜೆಟ್ ಬೇಡ, ತಮ್ಮ ಒಂದು ಸುತ್ತೋಲೆ ಸಾಕು. ಮುಂದಿನ ಸುತ್ತಿನ ಭೇಟಿ ಶುರುವಾಗುವ ಮುಂಚೆ ಅದು ಹೊರಬರಲಿ ಎಂದು ಕೋರುತ್ತೇನೆ. ಉತ್ತರ ಬಂದ ಮೇಲೆ ಜಿಲ್ಲಾವಾರು ಸಂಖ್ಯೆಯನ್ನು ಜನರ ಮುಂದೆ ಇಡಿ.

ಇಂತಿ ತಮ್ಮ ವಿಶ್ವಾಸಿ,
ಮನೆಯಲ್ಲಿ ತಂದೆಯನ್ನು ನೋಡಿಕೊಳ್ಳುತ್ತಿರುವ ಮಗಳು,
ತುಮಕೂರು ಜಿಲ್ಲೆ